ಕನ್ನಡಕದ ನಡು, ಕನ್ನಡಕದ ಅಂಚು

ಕಳೆದ ನವೆಂಬರಿನಲ್ಲಿ ಅಬ್ಬಾ ನಮ್ಮ ಅಂಗಡಿಯ ಏಣಿಯಿಂದ ಬಿದ್ದರು. ನಮ್ಮದು ದಾವಣಗೆರೆಯಲ್ಲಿ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಕೆಳಗಿನ ಖಾನೆಗಳಲ್ಲಿ ಮೊಳೆ, ಸ್ಕ್ರೂ, ಬೋಲ್ಟು. ಮೇಲಿನ ಹಲಗೆಗಳಲ್ಲಿ ಪೇಂಟ್ ಡಬ್ಬಿಗಳು. ನಾಲ್ಕು ಲೀಟರಿನ ಪ್ರೈಮರ್ ಡಬ್ಬಿ ಹಿಡಿದು ಇಳಿಯುತ್ತಿದ್ದ ಅಬ್ಬಾ, ಇನ್ನೂ ಒಂದು ಮೆಟ್ಟಿಲು ಇರುವಾಗಲೇ ನೆಲ ಬಂತೆಂದು ಕಾಲಿಟ್ಟರು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಆ ಆರು ವಾರ ಕಾಲೇಜಿಗೆ ಬರುವ ಮುಂಚೆ ಅಂಗಡಿಯ ಷಟರ್ ಎತ್ತುತ್ತಿದ್ದವನು ನಾನು. ಫಸ್ಟ್ ಪೀರಿಯಡ್‌ಗೆ ನಾನು ತಡವಾಗಿ ಬರುತ್ತಿದ್ದದ್ದು ನನ್ನ ಕ್ಲಾಸಿನವರಿಗೆ ನೆನಪಿರಬಹುದು.

ಬೀಳುವುದಕ್ಕೆ ಮೂರು ವಾರ ಮೊದಲು ಅವರು ಹೊಸ ಕನ್ನಡಕ ಹಾಕಿದ್ದರು. ಪ್ರೊಗ್ರೆಸಿವ್. ಅದಕ್ಕೂ ಮೊದಲು ಅವರ ಬಳಿ ಎರಡು ಕನ್ನಡಕ ಇರುತ್ತಿದ್ದವು: ದೂರದ್ದು ಮೂಗಿನ ಮೇಲೆ, ಓದುವುದು ಕೊರಳಿನ ದಾರದಲ್ಲಿ. ಬಿಲ್ ಬರೆಯುವಾಗ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕು. ಗಿರಾಕಿ ಮಾತಾಡಿಸಿದರೆ ಮತ್ತೆ ಅದಲು ಬದಲು. ಓದುವ ನಂಬರ್ ಹೆಚ್ಚಾಗಿದೆ, ಹೊಸದು ಮಾಡಿಸಬೇಕು ಎಂದಾಗ ಹಠ ಹಿಡಿದವನು ನಾನೇ. "ದಾರ ಕಟ್ಟಿಕೊಂಡು ದಾದಾನ ಹಾಗೆ ಕಾಣ್ತೀರಿ ಅಬ್ಬಾ, ಎರಡೂ ಒಂದರಲ್ಲೇ ಬರುತ್ತೆ, ಅದನ್ನು ತಗೊಳ್ಳಿ" ಎಂದೆ. ತಗೊಂಡರು. ಮೊದಲ ದಿನದಿಂದಲೇ "ಜಮೀನ್ ಹಿಲ್ರೀ ಬೇಟಾ" ಅನ್ನತೊಡಗಿದರು. ನೆಲ ಅಲ್ಲಾಡುತ್ತದೆ ಎಂದು. ಕನ್ನಡಕದ ಅಂಗಡಿಯವರು ಹದಿನೈದು ದಿನದಲ್ಲಿ ರೂಢಿಯಾಗುತ್ತದೆ ಎಂದಿದ್ದರು. ನಾನೂ ಅದನ್ನೇ ಹೇಳಿದೆ.

ಕನ್ನಡಕ ಹಾಕಿಕೊಂಡ ಮಾತ್ರಕ್ಕೆ ನೆಲ ಯಾಕೆ ಅಲ್ಲಾಡಬೇಕು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಮಸೂರದ ಪಾಠವನ್ನು ಎಸ್‌ಎಸ್‌ಎಲ್‌ಸಿಯಲ್ಲೇ ಬಿಟ್ಟು ಬಂದವನು. ಅಬ್ಬಾನನ್ನು ಆಮೇಲೆ ಒಂದು ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋದಾಗ, ಅಲ್ಲಿ ನಂಬರ್ ತೆಗೆಯುವ ಮೇಡಂ ಓಪಿ ಚೀಟಿಯ ಹಿಂದೆ ಚಿತ್ರ ಬರೆದು ಇಪ್ಪತ್ತು ನಿಮಿಷ ವಿವರಿಸಿದರು. ಉಳಿದದ್ದನ್ನು ನಮ್ಮ ಸೈನ್ಸ್ ಸೆಕ್ಷನ್ನಿನ ಫಿಸಿಕ್ಸ್ ಸರ್ ತಿದ್ದಿಕೊಟ್ಟರು. ನನಗೆ ಅರ್ಥವಾದದ್ದನ್ನು ಬರೆಯುತ್ತಿದ್ದೇನೆ. ನಮ್ಮೆಲ್ಲರ ಮನೆಯಲ್ಲೂ ನಲವತ್ತು ದಾಟಿದ ಅಪ್ಪ ಅಮ್ಮ ಇದ್ದಾರೆ, ಬೋರ್ಡ್ ಕಾಣದ ತಮ್ಮ ತಂಗಿಯರೂ ಇದ್ದಾರೆ.

ಮೊದಲು ಒಂದು ಪರೀಕ್ಷೆ. ಈ ಪುಟವನ್ನು ತೋಳು ಚಾಚಿ ಹಿಡಿಯಿರಿ. ಯಾವುದಾದರೂ ಒಂದು ಪದದ ಮೇಲೆ ಕಣ್ಣು ನೆಟ್ಟು, ಕಣ್ಣು ಕದಲಿಸದೆ, ಅದರಿಂದ ಐದು ಸಾಲು ಕೆಳಗಿನ ಪದವನ್ನು ಓದಲು ನೋಡಿ. ಅಲ್ಲೊಂದು ಪದ ಇದೆ ಎಂಬುದು ಗೊತ್ತಾಗುತ್ತದೆ, ಓದಲು ಆಗುವುದಿಲ್ಲ. ನಿಮ್ಮ ಕಣ್ಣಿನಲ್ಲಿ ದೋಷವೇನೂ ಇಲ್ಲ, ಎಲ್ಲರದೂ ಹೀಗೆಯೇ. ಕಣ್ಣಿನ ಹಿಂಭಾಗದ ರೆಟಿನಾ ಪರದೆಯಲ್ಲಿ ಅಕ್ಷರ ಓದುವಷ್ಟು ಸೂಕ್ಷ್ಮವಾಗಿರುವುದು ನಡುವಿನ ಒಂದು ಸಣ್ಣ ಗುಳಿ ಮಾತ್ರ. ಅದಕ್ಕೆ ಫೋವಿಯಾ ಎನ್ನುತ್ತಾರೆ. ಅದರ ಅಗಲ ಸುಮಾರು 1.5 ಮಿಲಿಮೀಟರ್. ತೋಳು ಚಾಚಿ ಹೆಬ್ಬೆರಳು ಎತ್ತಿದರೆ ಆ ಉಗುರು ಎಷ್ಟು ಜಾಗ ಮುಚ್ಚುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ನಾವು ಒಂದು ಕ್ಷಣಕ್ಕೆ ನಿಚ್ಚಳವಾಗಿ ನೋಡುವುದು. ಅಲ್ಲಿಂದ ಹತ್ತು ಡಿಗ್ರಿ ಪಕ್ಕಕ್ಕೆ ಸರಿದರೆ ಸ್ಪಷ್ಟತೆ ಸುಮಾರು ಐದರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ ಎಂದು ನಮಗೆ ಅನ್ನಿಸುವುದು ಕಣ್ಣು ಬಿಡುವಿಲ್ಲದೆ ಓಡಾಡುತ್ತಿರುವುದರಿಂದ.

ಇದನ್ನು ಸಾವಿರ ವರ್ಷದ ಹಿಂದೆಯೇ ಗಮನಿಸಿದವರು ಇಬ್ನ್ ಅಲ್ ಹೈಸಮ್. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದವರು. ಕಣ್ಣಿನ ನೇರ ಅಕ್ಷದ ಮೇಲೆ ಬಿದ್ದ ವಸ್ತು ಮಾತ್ರ ಚೆನ್ನಾಗಿ ಕಾಣುತ್ತದೆ, ಪಕ್ಕಕ್ಕೆ ಸರಿದಷ್ಟೂ ಮಸುಕಾಗುತ್ತದೆ, ಅದಕ್ಕೇ ನಾವು ಒಂದು ವಸ್ತುವನ್ನು ಸರಿಯಾಗಿ ತಿಳಿಯಲು ಅದರ ಮೇಲೆಲ್ಲ ಕಣ್ಣು ಹಾಯಿಸುತ್ತೇವೆ ಎಂದು "ಕಿತಾಬ್ ಅಲ್ ಮನಾಝಿರ್"ನಲ್ಲಿ ಬರೆದಿದ್ದಾರೆ. ರೆಟಿನಾದ ಕೆಲಸ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ಉಳಿದ ರೆಟಿನಾ ದಂಡವೇ? ಖಂಡಿತ ಇಲ್ಲ. ಅಂಚಿನ ನೋಟ ಓದುವುದಿಲ್ಲ, ಕಾವಲು ಕಾಯುತ್ತದೆ. ಪಕ್ಕದಿಂದ ಬರುವ ಬೈಕು, ಕಾಲ ಬಳಿಯ ಮೆಟ್ಟಿಲು, ಬಾಗಿಲ ಚೌಕಟ್ಟು, ಇವೆಲ್ಲ ಅದರ ಪಾಲಿನವು. ಗ್ಲಾಕೋಮಾ ಬಹಳ ಮುಂದುವರಿದವರು ಪತ್ರಿಕೆಯ ಸಣ್ಣ ಅಕ್ಷರ ಓದಬಲ್ಲರು, ಆದರೆ ನಡೆಯುವಾಗ ಎದುರಿನ ಸ್ಟೂಲಿಗೆ ಎಡವುತ್ತಾರೆ. ಅವರ ನಡು ಉಳಿದಿದೆ, ಅಂಚು ಹೋಗಿದೆ. ಅಂಚಿನ ನೋಟ ಮಸುಕನ್ನು ಸಾಕಷ್ಟು ಸಹಿಸಿಕೊಳ್ಳುತ್ತದೆ. ಚಲನೆಯನ್ನು ಮಾತ್ರ ಸಹಿಸುವುದಿಲ್ಲ. ಏನಾದರೂ ಸ್ವಲ್ಪ ಜರುಗಿದರೂ ತಕ್ಷಣ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಈ ಮಾತು ನೆನಪಿನಲ್ಲಿರಲಿ, ಅಬ್ಬಾನ ನೆಲ ಅಲ್ಲಾಡಿದ್ದಕ್ಕೆ ಉತ್ತರ ಇದರಲ್ಲೇ ಇದೆ.

ಈಗ ಕನ್ನಡಕದ ಗಾಜಿಗೆ ಬರೋಣ. ನಾನು ಅಂದುಕೊಂಡಿದ್ದು ಹೀಗೆ: ಗಾಜಿನ ನಡುಭಾಗ ನಡುನೋಟಕ್ಕೆ, ಗಾಜಿನ ಅಂಚು ಅಂಚಿನ ನೋಟಕ್ಕೆ. ಮೇಡಂ ಇದು ತಪ್ಪು ಎಂದರು. ಕಣ್ಣು ತಿರುಗುತ್ತದೆ, ಕನ್ನಡಕ ಮುಖದ ಮೇಲೆ ನಿಂತಲ್ಲೇ ಇರುತ್ತದೆ. ತಲೆ ತಿರುಗಿಸದೆ ಬಲಕ್ಕೆ ಓರೆಗಣ್ಣಿನಿಂದ ನೋಡಿದರೆ ನಮ್ಮ ಫೋವಿಯಾ, ಅಂದರೆ ಓದುವ ನೋಟವೇ, ಗಾಜಿನ ಅಂಚಿನ ಮೂಲಕ ಹಾಯುತ್ತದೆ. ಲೆಕ್ಕ ಬೇಕೆಂದರೆ ಹೀಗಿದೆ. ಕಣ್ಣುಗುಡ್ಡೆ ತಿರುಗುವ ಕೇಂದ್ರ ಗಾಜಿನಿಂದ ಸುಮಾರು 27 ಮಿಲಿಮೀಟರ್ ಹಿಂದೆ ಇರುತ್ತದೆ. ಕಣ್ಣು 30 ಡಿಗ್ರಿ ತಿರುಗಿತು ಎಂದರೆ ನೋಟ ಗಾಜಿನ ನಡುವಿನಿಂದ ಸುಮಾರು 15.5 ಮಿಲಿಮೀಟರ್ ಆಚೆ ಹೋಗುತ್ತದೆ. ಅನೇಕ ಫ್ರೇಮುಗಳಲ್ಲಿ ಅದು ಅಂಚಿಗೆ ಬಲು ಹತ್ತಿರ. ಕಣ್ಣು ನೇರ ಇದ್ದಾಗ ಗಾಜಿನ ಅದೇ ಜಾಗ ಕಾವಲು ನೋಟಕ್ಕೆ ಕೆಲಸ ಮಾಡುತ್ತಿರುತ್ತದೆ. ಹೀಗೆ ಗಾಜಿನ ಒಂದೇ ಜಾಗಕ್ಕೆ ಎರಡು ಕೆಲಸ. ಲೆನ್ಸ್ ವಿನ್ಯಾಸ ಮಾಡುವವರ ತಲೆನೋವೆಲ್ಲ ಇಲ್ಲಿಂದ ಶುರುವಾಗುತ್ತದೆ.

ಹಳೆಯ ಕಾಲದ ಕನ್ನಡಕಗಳಲ್ಲಿ ಈ ತಲೆನೋವಿಗೆ ಯಾರೂ ಕೈ ಹಾಕಿರಲಿಲ್ಲ. ಗಾಜು ಎರಡೂ ಕಡೆ ಉಬ್ಬಿದ್ದು ಅಥವಾ ಎರಡೂ ಕಡೆ ತಗ್ಗಿದ್ದು. ನೇರವಾಗಿ ನೋಡಿದರೆ ಸರಿ, ಓರೆಯಾಗಿ ನೋಡಿದರೆ ಮಸುಕು. ಬೆಳಕು ಗಾಜಿನ ಮೇಲೆ ಓರೆಯಾಗಿ ಬಿದ್ದಾಗ ಒಂದು ಬಿಂದುವಿನಲ್ಲಿ ಕೂಡುವ ಬದಲು ಅಡ್ಡಕ್ಕೆ ಒಂದು ಕಡೆ, ಉದ್ದಕ್ಕೆ ಇನ್ನೊಂದು ಕಡೆ ಕೂಡುತ್ತದೆ. ಅಂದರೆ ಡಾಕ್ಟರ್ ಚೀಟಿಯಲ್ಲಿ ಬರೆಯದ ಒಂದು ಸಿಲಿಂಡರ್ ನಂಬರ್ ಗಾಜಿನ ಅಂಚಿನಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಇಂಗ್ಲೆಂಡಿನ ವಿಲಿಯಂ ವೊಲಾಸ್ಟನ್ 1804ರಲ್ಲಿ, ಗಾಜನ್ನು ಕಣ್ಣಿನ ಸುತ್ತ ಬಟ್ಟಲಿನಂತೆ ಬಾಗಿಸಿದರೆ ಕಣ್ಣು ಯಾವ ಕಡೆ ತಿರುಗಿದರೂ ಬೆಳಕು ಹೆಚ್ಚು ನೇರವಾಗಿ ಹಾಯುತ್ತದೆ ಎಂದು ತೋರಿಸಿದರು. ಪಲ್ಲೇಡಿಯಂ ಲೋಹ ಕಂಡುಹಿಡಿದವರೂ ಇವರೇ ಎಂದು ಸೈನ್ಸ್‌ನವರು ಹೇಳಿದರು. ಜರ್ಮನಿಯ ಝೈಸ್ ಕಂಪನಿಯಲ್ಲಿ ಮೊರಿಟ್ಸ್ ಫಾನ್ ರೋರ್ ಎಂಬವರು ಪ್ರತಿ ನಂಬರಿಗೂ ಯಾವ ಬಾಗು ಸರಿ ಎಂದು ಲೆಕ್ಕ ಹಾಕಿದರು. 1912ರಲ್ಲಿ ಬಂದ ಆ ಗಾಜಿನ ಹೆಸರು ಪುಂಕ್ಟಾಲ್. ಬಿಂದು ಬಿಂದುವಾಗಿಯೇ ಕಾಣಲಿ ಎಂಬ ಅರ್ಥದಲ್ಲಿ ಇಟ್ಟ ಹೆಸರು. ಕಂಪ್ಯೂಟರ್ ಇರದ ಕಾಲದಲ್ಲಿ ಇದನ್ನೆಲ್ಲ ಕೈಯಿಂದಲೇ ಲೆಕ್ಕ ಹಾಕಿದರು ಎಂಬುದು ನನಗೆ ಬಹಳ ದೊಡ್ಡದಾಗಿ ಕಂಡಿತು. ನಮ್ಮ ಟ್ರಯಲ್ ಬ್ಯಾಲೆನ್ಸ್ ಎರಡು ಪುಟದ್ದು, ಅದೇ ಟ್ಯಾಲಿ ಆಗುವುದಿಲ್ಲ.

ಒಂದೇ ನಂಬರಿನ ಗಾಜಿನಲ್ಲಿ ಈ ರೀತಿ ಅಂಚನ್ನು ಬಹಳಷ್ಟು ಸರಿಪಡಿಸಬಹುದು. ಪ್ರೊಗ್ರೆಸಿವ್ ಗಾಜಿನಲ್ಲಿ ಮಾತ್ರ ಅದು ಸಾಧ್ಯವಿಲ್ಲ. ಜಾಣ್ಮೆ ಸಾಲದು, ದುಡ್ಡು ಸಾಲದು ಎಂಬ ಕಾರಣಕ್ಕಲ್ಲ. ಗಣಿತವೇ ಬಿಡುವುದಿಲ್ಲ.

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತ ಬರುತ್ತದೆ, ಹತ್ತಿರದ್ದಕ್ಕೆ ಹೊಂದಿಕೊಳ್ಳುವುದಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1784ರ ಒಂದು ಪತ್ರದಲ್ಲಿ ತನ್ನ ಜೋಡಿ ಕನ್ನಡಕದ ಬಗ್ಗೆ ಖುಷಿಯಿಂದ ಬರೆದಿದ್ದಾರೆ. ಮೇಲೆ ದೂರದ ಗಾಜಿನ ಅರ್ಧ, ಕೆಳಗೆ ಹತ್ತಿರದ ಗಾಜಿನ ಅರ್ಧ. ಅದೇ ಬೈಫೋಕಲ್. ಫ್ರಾನ್ಸಿನ ಬರ್ನಾರ್ ಮೆತೆನಾಜ್ ರೂಪಿಸಿದ ವಾರಿಲಕ್ಸ್ 1959ರಲ್ಲಿ ಮಾರುಕಟ್ಟೆಗೆ ಬಂದಾಗ ಗೆರೆ ಮಾಯವಾಯಿತು. ಗಾಜಿನ ಮೇಲ್ಭಾಗದಲ್ಲಿ ದೂರದ ಪವರ್, ಕೆಳಭಾಗದಲ್ಲಿ ಓದುವ ಪವರ್, ನಡುವೆ ಒಂದು ಕಿರಿದಾದ ಓಣಿ, ಆ ಓಣಿಯಲ್ಲಿ ಇಳಿಯುತ್ತ ಹೋದಂತೆ ಪವರ್ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ.

ಏರಲು ಗಾಜಿನ ಬಾಗು ಮೇಲಿನಿಂದ ಕೆಳಕ್ಕೆ ಹೆಚ್ಚುತ್ತಾ ಹೋಗಬೇಕು. ತೊಂದರೆ ಇಲ್ಲೇ. ಎಲ್ಲ ಕಡೆ, ಎಲ್ಲ ದಿಕ್ಕಿಗೂ ಒಂದೇ ಸಮನಾದ ಬಾಗು ಇರುವುದು ಗೋಲಕ್ಕೆ ಮಾತ್ರ. ಬಾಗು ಬದಲಾಗುತ್ತಿದೆ ಎಂದರೆ ಎಲ್ಲಾದರೂ ಒಂದು ಕಡೆ ಅಡ್ಡದ ಬಾಗಿಗೂ ಉದ್ದದ ಬಾಗಿಗೂ ವ್ಯತ್ಯಾಸ ಬರಲೇಬೇಕು. ವ್ಯತ್ಯಾಸ ಎಂದರೆ ಬೇಡದ ಸಿಲಿಂಡರ್, ಅಂದರೆ ಮಸುಕು. ನಮ್ಮ ಅಂಗಡಿಯಲ್ಲಿ ನೆಲಕ್ಕೆ ಹಾಸುವ ಮ್ಯಾಟ್ ಮಾರುತ್ತೇವೆ. ಕೋಣೆಗಿಂತ ಸ್ವಲ್ಪ ದೊಡ್ಡದನ್ನು ಹಾಸಿದರೆ ಉಬ್ಬು ಬರುತ್ತದೆ. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ. ಕತ್ತರಿಸದೆ ಉಬ್ಬು ಹೋಗುವುದಿಲ್ಲ. ಗಾಜನ್ನು ಕತ್ತರಿಸುವಂತಿಲ್ಲ, ಆದ್ದರಿಂದ ವಿನ್ಯಾಸಕಾರರು ಉಬ್ಬನ್ನು ಕಣ್ಣು ಹೆಚ್ಚು ಓಡಾಡದ ಜಾಗಕ್ಕೆ ತಳ್ಳುತ್ತಾರೆ. ಆ ಜಾಗ ಓಣಿಯ ಎರಡೂ ಬದಿ, ಕೆಳಗಿನ ಮೂಲೆಗಳು.

1963ರಲ್ಲಿ ಜರ್ಮನಿಯ ಗಣಿತಜ್ಞ ಗುಂಟರ್ ಮಿಂಕ್ವಿಟ್ಸ್ ಇದಕ್ಕೊಂದು ನಿಯಮವನ್ನೇ ಸಾಧಿಸಿ ತೋರಿಸಿದರು: ಓಣಿಯಲ್ಲಿ ಪವರ್ ಎಷ್ಟು ವೇಗದಲ್ಲಿ ಏರುತ್ತದೋ ಅದರ ಎರಡರಷ್ಟು ವೇಗದಲ್ಲಿ ಪಕ್ಕಕ್ಕೆ ಸಿಲಿಂಡರ್ ಏರುತ್ತದೆ. ಅಬ್ಬಾನ ಗಾಜನ್ನೇ ತೆಗೆದುಕೊಳ್ಳಿ. ಓದುವುದಕ್ಕೆ ಹೆಚ್ಚುವರಿ ಪವರ್ 2.00. ಓಣಿಯ ಉದ್ದ 14 ಮಿಲಿಮೀಟರ್. ಒಂದು ಮಿಲಿಮೀಟರ್ ಇಳಿದರೆ ಸುಮಾರು 0.14 ಏರಿಕೆ. ಪಕ್ಕಕ್ಕೆ ಅದರ ಎರಡರಷ್ಟು, ಸುಮಾರು 0.28. ಅಂದರೆ ಓಣಿಯ ನಡುಗೆರೆಯಿಂದ ಪಕ್ಕಕ್ಕೆ ಮೂರೂವರೆ ಮಿಲಿಮೀಟರ್ ಸರಿದರೆ ಸಾಕು, 1.00 ಸಿಲಿಂಡರಿನಷ್ಟು ಮಸುಕು. ಓಣಿಯ ಉಪಯೋಗದ ಅಗಲ ಎರಡೂ ಕಡೆ ಸೇರಿ ಏಳು ಮಿಲಿಮೀಟರ್, ಒಂದು ಪೆನ್ಸಿಲಿನ ದಪ್ಪ. ಕಂಪ್ಯೂಟರ್ ಪರದೆ ನೋಡುವವರು ಆ ಪೆನ್ಸಿಲಿನ ದಪ್ಪದ ಕಿಂಡಿಯಿಂದಲೇ ನೋಡಬೇಕು. ಓಣಿ ಉದ್ದ ಮಾಡಿದರೆ ಅಗಲ ಹೆಚ್ಚುತ್ತದೆ, ಆದರೆ ಓದಲು ಕಣ್ಣನ್ನು ತೀರಾ ಕೆಳಗಿಳಿಸಬೇಕಾಗುತ್ತದೆ. ಮಸುಕನ್ನು ಮೂಲೆಯಲ್ಲಿ ಒತ್ತೊತ್ತಾಗಿ ಪೇರಿಸಿದರೆ ದೂರ ಮತ್ತು ಓದುವ ಭಾಗಗಳು ಅಗಲವಾಗಿ ಸ್ವಚ್ಛವಾಗುತ್ತವೆ, ಆದರೆ ಅಂಚಿನಲ್ಲಿ ಚಿತ್ರ ಸೊಟ್ಟಗಾಗುತ್ತದೆ. ಮಸುಕನ್ನು ಗಾಜಿನ ತುಂಬ ತೆಳ್ಳಗೆ ಹರಡಿದರೆ ಸೊಟ್ಟ ಕಡಿಮೆ, ನಡುವಿನ ಸ್ಪಷ್ಟ ಜಾಗವೂ ಕಡಿಮೆ. ಹೆಚ್ಚು ಬೆಲೆಯ ಗಾಜಿನಲ್ಲಿ ಈ ಹಂಚಿಕೆಯನ್ನು ಒಬ್ಬೊಬ್ಬರ ನಂಬರಿಗೆ, ಫ್ರೇಮಿಗೆ ಹೊಂದಿಸಿ ಮಾಡಿರುತ್ತಾರೆ. ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು, ಮೊತ್ತವನ್ನೇ ಅಳಿಸಿಹಾಕಲು ಆಗುವುದಿಲ್ಲ. ಕಾಮರ್ಸ್‌ನವನಿಗೆ ಇದು ಬೇಗ ಅರ್ಥವಾಯಿತು.

ನೆಲ ಅಲ್ಲಾಡುವುದು ಈಗ ತಿಳಿಯಿತಲ್ಲ? ಒಂದೇ ನಂಬರಿನ ಗಾಜಿನಲ್ಲಿ ತಲೆ ತಿರುಗಿಸಿದರೆ ಇಡೀ ದೃಶ್ಯ ಹೆಚ್ಚುಕಡಿಮೆ ಒಟ್ಟಾಗಿ ಸರಿಯುತ್ತದೆ. ಪ್ರೊಗ್ರೆಸಿವ್‌ನಲ್ಲಿ ಗಾಜಿನ ಒಂದೊಂದು ಜಾಗಕ್ಕೆ ಒಂದೊಂದು ಪವರ್. ಒಂದು ಕಡೆ ವಸ್ತು ದೊಡ್ಡದಾಗಿ, ಇನ್ನೊಂದು ಕಡೆ ಚಿಕ್ಕದಾಗಿ ಕಾಣುತ್ತದೆ. ತಲೆ ತಿರುಗಿದಾಗ ಬಾಗಿಲ ಚೌಕಟ್ಟು ಬಳುಕುತ್ತದೆ, ನೆಲ ಅಲೆಯಂತೆ ಏಳುತ್ತದೆ. ಚಲನೆ ಕಂಡರೆ ಎಚ್ಚರಿಸುವ ಆ ಕಾವಲು ನೋಟ ಎಚ್ಚರಿಸುತ್ತಲೇ ಇರುತ್ತದೆ. ಬಹಳ ಜನರ ಮೆದುಳು ಕೆಲವು ದಿನ ಅಥವಾ ವಾರಗಳಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲು ಕಲಿಯುತ್ತದೆ. ಆ ಅಂಗಡಿಯವರು ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಅವರು ಹೇಳದೆ ಬಿಟ್ಟದ್ದು ಏಣಿಯ ವಿಷಯ. ನಿಂತು ಪಾದ ನೋಡಲು ಕಣ್ಣು ಕೆಳಗಿಳಿಸಿದರೆ ಅದು ಓದುವ ಭಾಗದ ಮೂಲಕ ಹೋಗುತ್ತದೆ. ಅಬ್ಬಾನ ಓದುವ ಭಾಗ ಸ್ಪಷ್ಟವಾಗಿ ತೋರಿಸುವುದು ಸುಮಾರು ಅರ್ಧ ಮೀಟರ್ ದೂರದ್ದನ್ನು. ಅವರ ಪಾದ ಕಣ್ಣಿನಿಂದ ಒಂದೂವರೆ ಮೀಟರ್ ಆಚೆ. ಮೆಟ್ಟಿಲಿನ ಅಂಚು ಮಸುಕಾಗಿ, ಇರುವ ಜಾಗದಿಂದ ಸ್ವಲ್ಪ ಸರಿದು ಕಾಣುತ್ತದೆ. ಗದ್ದವನ್ನು ಎದೆಗೆ ತಾಗಿಸಿ ಮೇಲಿನ ಭಾಗದಿಂದ ನೋಡಬೇಕು. ಕೈಯಲ್ಲಿ ಪ್ರೈಮರ್ ಡಬ್ಬಿ ಇದ್ದವರು ಗದ್ದ ಎಲ್ಲಿಂದ ಬಗ್ಗಿಸುತ್ತಾರೆ? ಬೈಫೋಕಲ್‌ಗೂ ಇದೇ ತೊಂದರೆ ಇದೆ. ಆಸ್ಟ್ರೇಲಿಯಾದಲ್ಲಿ 156 ಹಿರಿಯರನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಬಹುಪವರ್ ಕನ್ನಡಕ ಹಾಕುವವರು ಬೀಳುವ ಸಾಧ್ಯತೆ ಹೆಚ್ಚು, ಅದರಲ್ಲೂ ಮೆಟ್ಟಿಲುಗಳ ಮೇಲೆ ಮತ್ತು ಮನೆಯ ಹೊರಗೆ ಹೆಚ್ಚು ಎಂದು ಕಂಡುಬಂತು. ಅಬ್ಬಾ ದಿನಕ್ಕೆ ಇಪ್ಪತ್ತು ಸಲ ಏಣಿ ಹತ್ತುವವರು. ಆ ಪ್ರಶ್ನೆಯನ್ನು ಕನ್ನಡಕ ಕೊಟ್ಟವರು ಕೇಳಲಿಲ್ಲ, ಜೊತೆಗಿದ್ದ ನಾನೂ ಹೇಳಲಿಲ್ಲ.

ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ಪ್ರೊಗ್ರೆಸಿವ್ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪ್ರತಿ ಗಾಜಿನಲ್ಲೂ ಎರಡು ಬಲು ಸಣ್ಣ ಕೊರೆದ ಗುರುತುಗಳು, ಒಂದರಿಂದ ಒಂದು 34 ಮಿಲಿಮೀಟರ್ ದೂರದಲ್ಲಿ ಇರುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ ಓದುವ ಹೆಚ್ಚುವರಿ ಪವರ್ ಕೊರೆದಿರುತ್ತಾರೆ. ಈ ಗುರುತುಗಳ ಮೇಲಿಂದ ಅಳೆದು, ಗಾಜಿನ ದೂರದ ಭಾಗದ ಗುರಿ ಸರಿಯಾಗಿ ಕಣ್ಣಿನ ಪಾಪೆಯ ಎದುರು ಬಂದಿದೆಯೇ ಎಂದು ತಿಳಿಯಬಹುದು. ಅದಕ್ಕಾಗಿ ಆಯ್ದ ಫ್ರೇಮನ್ನು ಮುಖಕ್ಕೆ ಹಾಕಿಸಿ ಎರಡೂ ಪಾಪೆಗಳ ಎತ್ತರವನ್ನೂ, ಮೂಗಿನ ನಡುವಿನಿಂದ ಒಂದೊಂದು ಪಾಪೆಯ ದೂರವನ್ನೂ ಬೇರೆ ಬೇರೆಯಾಗಿ ಗುರುತು ಮಾಡಬೇಕು. ಓಣಿ ಏಳು ಮಿಲಿಮೀಟರ್ ಅಗಲ ಎಂದಾಗ ಎರಡು ಮಿಲಿಮೀಟರ್ ತಪ್ಪಿದರೂ ಎಷ್ಟು ನಷ್ಟ ನೀವೇ ಲೆಕ್ಕ ಹಾಕಿ. ಅಬ್ಬಾನಿಗೆ ಅಳತೆ ತೆಗೆದದ್ದು ಹಳೆಯ ಕನ್ನಡಕದಿಂದ. ಮುಖಕ್ಕೆ ಸ್ಕೇಲ್ ಹಿಡಿದದ್ದು ನಮ್ಮಿಬ್ಬರಿಗೂ ನೆನಪಿಲ್ಲ. ಮೇಡಂ ಪರೀಕ್ಷಿಸಿದಾಗ ಓದುವ ಭಾಗ ಇರಬೇಕಾದ್ದಕ್ಕಿಂತ ಮೂರು ಮಿಲಿಮೀಟರ್ ಮೇಲಿತ್ತು.

ಇದೇ ಭೇಟಿಯಲ್ಲಿ ನಮ್ಮ ಮನೆಯ ಇನ್ನೊಂದು ಕನ್ನಡಕದ ಮಾತು ಬಂತು. ನನ್ನ ತಂಗಿ ಐದನೇ ಕ್ಲಾಸು. ಅವಳ ನಂಬರ್ ಎರಡು ವರ್ಷದಲ್ಲಿ ಮೈನಸ್ 1.00ರಿಂದ 1.75, ಅಲ್ಲಿಂದ 2.50. ದಾದಿ ಮಾತ್ರ "ಹೊತ್ತೆಲ್ಲ ಚಶ್ಮಾ ಹಾಕಿ ಹಾಕಿ ಕಣ್ಣು ಕೆಟ್ಟಿತು, ನಂಬರ್ ಕಡಿಮೆ ಮಾಡಿಸಿ" ಎನ್ನುತ್ತಿದ್ದರು. ಇದನ್ನು ನಿಜವಾಗಿಯೇ ಪರೀಕ್ಷಿಸಿದ್ದಾರೆ. ಮಲೇಷ್ಯಾದ 2002ರ ಅಧ್ಯಯನದಲ್ಲಿ ಬೇಕೆಂದೇ ಕಡಿಮೆ ನಂಬರ್ ಕೊಟ್ಟ ಮಕ್ಕಳ ದೋಷ, ಪೂರ್ತಿ ನಂಬರ್ ಹಾಕಿದವರಿಗಿಂತ ಬೇಗ ಹೆಚ್ಚಿತು. ಮಕ್ಕಳ ಮೈನಸ್ ನಂಬರ್ ಏರುವುದಕ್ಕೆ ಮುಖ್ಯ ಕಾರಣ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದು. ಒಂದು ಮಿಲಿಮೀಟರ್ ಉದ್ದವಾದರೆ ನಂಬರ್ ಎರಡೂವರೆಯಿಂದ ಮೂರರಷ್ಟು ಏರುತ್ತದೆ. ದಪ್ಪ ಗಾಜು ಹಾಕಿದರಾಯಿತು ಎಂದು ಬಿಡುವ ಹಾಗಿಲ್ಲ. ಬಹಳ ಎಳೆದುಕೊಂಡ ಕಣ್ಣಿನಲ್ಲಿ ಮುಂದೆ ರೆಟಿನಾ ತೆಳುವಾಗಿ ಹರಿಯುವ, ಕಳಚುವ ಅಪಾಯ ಹೆಚ್ಚು.

ಇಲ್ಲಿಗೆ ಅಂಚಿನ ಕಥೆ ತಲೆಕೆಳಗಾಗುತ್ತದೆ. ಕಣ್ಣು ಎಷ್ಟು ಉದ್ದ ಬೆಳೆಯಬೇಕು ಎಂಬುದನ್ನು ನಡುವಿನ ಫೋವಿಯಾ ಒಂದೇ ನಿರ್ಧರಿಸುತ್ತದೆ ಎಂದು ಬಹುಕಾಲ ನಂಬಿದ್ದರು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಅರ್ಲ್ ಸ್ಮಿತ್ ಮತ್ತು ಸಂಗಡಿಗರು ಮರಿ ಕೋತಿಗಳ ಮೇಲೆ ಮಾಡಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡುನೋಟ ಸ್ವಚ್ಛವಾಗಿದ್ದರೂ ಅಂಚಿನ ನೋಟವನ್ನು ಮಸುಕು ಮಾಡಿದರೆ ಕಣ್ಣು ಅತಿಯಾಗಿ ಬೆಳೆಯಿತು. ಅಂಚಿಗೂ ಮತ ಇದೆ ಎಂದಾಯಿತು. ಸಾಮಾನ್ಯ ಮೈನಸ್ ಗಾಜು ಬೆಳಕನ್ನು ನಡುವಿನಲ್ಲಿ ಸರಿಯಾಗಿ ರೆಟಿನಾದ ಮೇಲೆ ಕೂಡಿಸುತ್ತದೆ. ಆದರೆ ಉದ್ದವಾದ ಕಣ್ಣಿನ ಅಂಚಿನಲ್ಲಿ ಅದು ರೆಟಿನಾದ ಹಿಂದೆ ಕೂಡುವುದುಂಟು. ಬಿಂಬ ಹಿಂದೆ ಇದೆ, ನಾನು ಅಲ್ಲಿಯವರೆಗೆ ಬೆಳೆಯಬೇಕು ಎಂದು ಕಣ್ಣು ತಿಳಿಯುತ್ತದೆ ಎಂಬುದು ಇದರ ಹಿಂದಿನ ವಾದ.

ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು ಜಪಾನಿನ ಹೋಯಾ ಕಂಪನಿಯ ಜೊತೆ ಮಾಡಿದ ಗಾಜು ಈ ವಾದದ ಮೇಲೆ ನಿಂತಿದೆ. ನಡುವೆ 9 ಮಿಲಿಮೀಟರ್ ಅಗಲದ ಸ್ವಚ್ಛ ವೃತ್ತ, ಅದರಲ್ಲಿ ಮಗುವಿನ ಪೂರ್ತಿ ನಂಬರ್. ಅದರ ಸುತ್ತ ಜೇನುಗೂಡಿನಂತೆ ಸುಮಾರು 400 ಪುಟಾಣಿ ಮಸೂರಗಳು, ಒಂದೊಂದೂ ಸುಮಾರು ಒಂದು ಮಿಲಿಮೀಟರ್ ಅಗಲ, ಒಂದೊಂದರಲ್ಲೂ ಪ್ಲಸ್ 3.50 ಹೆಚ್ಚು. ಅವುಗಳ ಬೆಳಕು ರೆಟಿನಾದ ಮುಂದೆಯೇ ಕೂಡುತ್ತದೆ. ಬೆಳೆದದ್ದು ಸಾಕು, ನಿಲ್ಲು ಎಂಬ ಸಂದೇಶ. ಪುಟಾಣಿಗಳ ನಡುವಿನ ಜಾಗದಲ್ಲೂ ಮಗುವಿನ ನಂಬರೇ ಇರುವುದರಿಂದ ಅಂಚು ಪೂರ್ತಿ ಕುರುಡಾಗುವುದಿಲ್ಲ. ನೂರು ವರ್ಷದ ಹಿಂದೆ ಫಾನ್ ರೋರ್ ಅಂಚಿನ ಮಸುಕನ್ನು ಓಡಿಸಲು ಕಷ್ಟಪಟ್ಟರು, ಇವರು ಅಳತೆ ಮಾಡಿ ಒಳಗೆ ಕರೆದಿದ್ದಾರೆ. ಹಾಂಗ್‌ಕಾಂಗಿನಲ್ಲಿ 8ರಿಂದ 13 ವರ್ಷದ 160 ಮಕ್ಕಳು ಎರಡು ವರ್ಷ ಪೂರೈಸಿದ ಪರೀಕ್ಷೆಯಲ್ಲಿ, ಸಾಮಾನ್ಯ ಗಾಜಿನವರ ನಂಬರ್ ಸರಾಸರಿ 0.85 ಏರಿದರೆ ಇದನ್ನು ಹಾಕಿದವರದು 0.41 ಏರಿತು. ಕಣ್ಣಿನ ಉದ್ದ 0.55 ಮಿಲಿಮೀಟರಿನ ಬದಲು 0.21 ಮಾತ್ರ ಹೆಚ್ಚಿತು. ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ಬಂದ ನಂಬರನ್ನು ಇಳಿಸುವುದಂತೂ ಇಲ್ಲ. ಇದನ್ನು ಮೇಡಂ ಅಬ್ಬಾನಿಗೆ ಎರಡು ಸಲ ಹೇಳಿದರು. ಅವರು ಎರಡು ಸಲ ಕೇಳಿದ್ದು ಅದನ್ನೇ.

ನಮಗೆ ಹೇಳಿದ ಬೆಲೆ 17,500 ರೂಪಾಯಿ, ಫ್ರೇಮ್ ಬೇರೆ. ಅಬ್ಬಾನ ಪ್ರೊಗ್ರೆಸಿವ್‌ಗೆ ಆಗಲೇ 6,800 ಹೋಗಿತ್ತು. ಆರು ವಾರ ಅಂಗಡಿ ಅರ್ಧ ದಿನ ನಡೆದಿತ್ತು. ರಾತ್ರಿ ಊಟವಾದ ಮೇಲೆ ಲೆಕ್ಕಕ್ಕೆ ಕೂತೆವು. ಸರಿಯಾದ ಅಳತೆ ತೆಗೆದು ಒಳ್ಳೆಯ ಪ್ರೊಗ್ರೆಸಿವ್ ಮಾಡಿಸಿದರೆ ಅಬ್ಬಾನಿಗೆ ಕೌಂಟರಿನಲ್ಲಿ ಅನುಕೂಲ, ಆದರೆ ಏಣಿಯ ಸಮಸ್ಯೆ ಉಳಿಯುತ್ತದೆ. ಎರಡು ಬೇರೆ ಬೇರೆ ಕನ್ನಡಕ ಎಂದರೆ ಎರಡೂ ಸೇರಿ 2,100. ಒಂದೊಂದರಲ್ಲೂ ಒಂದೇ ಪವರ್, ಅಂಚಿನವರೆಗೂ ಸರಿಯಾಗಿರುತ್ತದೆ, ದೂರದ್ದನ್ನು ಹಾಕಿ ಏಣಿ ಹತ್ತಿದರೆ ಪಾದ ಪಾದದ ಜಾಗದಲ್ಲೇ ಕಾಣುತ್ತದೆ. ತಂಗಿಯ ಗಾಜು ಮಾತ್ರ ಒಂದು ಸಲದ ಖರ್ಚಲ್ಲ. ನಂಬರ್ ಬದಲಾದರೆ ಮತ್ತೆ ಕೊಳ್ಳಬೇಕು. ನಾನು ಇದನ್ನು ರೆವಿನ್ಯೂ ಖರ್ಚು ಎಂದೆ. ಅಬ್ಬಾ, "ಕಣ್ಣು ಯಾವ ಖಾತೆಗೆ ಬರುತ್ತೆ, ನಿಮ್ಮ ಮೇಡಂನ ಕೇಳು" ಎಂದರು. ಅಮ್ಮಿ ಚೀಟಿ ಹಣ ಬಂದಿದ್ದನ್ನು ಎತ್ತಿಟ್ಟಿದ್ದರು, ಅದು ಹೊರಗೆ ಬಂತು.

ಈಗ ಅಬ್ಬಾ ಮತ್ತೆ ದಾರ ಕಟ್ಟಿದ್ದಾರೆ. ಪ್ರೊಗ್ರೆಸಿವ್ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಕೂತು ಲೆಕ್ಕ ಬರೆಯುವಾಗ ಹಾಕಿಕೊಳ್ಳುತ್ತಾರೆ, ಎದ್ದರೆ ತೆಗೆಯುತ್ತಾರೆ. ತಂಗಿಗೆ ಮೊದಲ ವಾರ ಪಕ್ಕದಲ್ಲಿ ಮಂಜು ಕಂಡಂತೆ ಆಗುತ್ತಿತ್ತು, ಬೋರ್ಡ್ ನೋಡಲು ತಲೆಯನ್ನೇ ತಿರುಗಿಸುತ್ತಿದ್ದಳು. ಈಗ ಆ ಮಾತೇ ಇಲ್ಲ. ದಿನಾ ಸಂಜೆ ಮಗ್ರಿಬ್‌ವರೆಗೆ ಅವಳನ್ನು ಹೊರಗೆ ಆಡಲು ಬಿಡಬೇಕೆಂದೂ ಮೇಡಂ ಹೇಳಿದ್ದಾರೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಈ ದೋಷ ಶುರುವಾಗುವುದೇ ಕಡಿಮೆ ಎಂದು ಗೊತ್ತಾಗಿದೆ, ಮತ್ತು ಇದಕ್ಕೆ ಖರ್ಚಿಲ್ಲ. ಆರು ತಿಂಗಳ ಚೆಕಪ್ ಮುಂದಿನ ತಿಂಗಳು. ಅಂಗಡಿಯ ಸ್ಟಾಕ್ ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳ ನಂಬರುಗಳನ್ನು ತಾರೀಖಿನ ಸಮೇತ ಬರೆದಿಟ್ಟಿದ್ದೇನೆ. ಹೊಸ ನಂಬರನ್ನು ತಾನೇ ಬರೆಯುತ್ತೇನೆ ಎಂದು ತಂಗಿ ಈಗಲೇ ಹೇಳಿದ್ದಾಳೆ.